ಕರೆಂಟು ಹೋದ ಊರಿನ ಒಂದು ಕಂಪ್ಯೂಟರ್

ಉಡುಪಿಯಲ್ಲಿ ಸಣ್ಣ ಅಂಗಡಿ, ಸ್ಟುಡಿಯೋ, ಸಹಕಾರಿ ಸಂಘ, ಟ್ಯಾಕ್ಸ್ ಕಚೇರಿ ನಡೆಸುವವರ ಒಂದು ಸಭೆಯಲ್ಲಿ, ರ‍್ಯಾನ್ಸಮ್‌ವೇರ್ ಬಗ್ಗೆ, ಅಂದರೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಮುಗಳ ಬಗ್ಗೆ, ನಾನು ಆಡಿದ ಮಾತುಗಳು ಇವು. ರೆಕಾರ್ಡಿಂಗ್ ಕೇಳಿ ಬರೆದದ್ದು. ನಾನು ಇಪ್ಪತ್ತು ವರ್ಷಗಳಿಂದ ಇದೇ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು.

ನಿಮ್ಮಲ್ಲಿ ಬ್ಯಾಕಪ್ ತೆಗೆದಿಡುವವರು ಎಷ್ಟು ಜನ? ಸ್ವಲ್ಪ ಕೈ ಎತ್ತಿ, ನೋಡುವ.

ಪರವಾಗಿಲ್ಲ, ಮುಕ್ಕಾಲು ಭಾಗ ಇದ್ದೀರಿ. ಕೈ ಹಾಗೆಯೇ ಇರಲಿ. ಆ ಬ್ಯಾಕಪ್ ಇರುವ ಹಾರ್ಡ್ ಡಿಸ್ಕ್ ಈ ಹೊತ್ತಿಗೆ, ನೀವು ಇಲ್ಲಿ ಕೂತಿರುವಾಗ, ಎಲ್ಲಿ ಉಂಟು? ವೈರು ಬಿಡಿಸಿ ಕಪಾಟಿನಲ್ಲೋ ಮನೆಯಲ್ಲೋ ಇಟ್ಟವರು ಮಾತ್ರ ಕೈ ಇಳಿಸಿ. ಕಂಪ್ಯೂಟರಿಗೆ ಸಿಕ್ಕಿಸಿಯೇ ಬಂದವರು ಇಳಿಸಬೇಡಿ.

ನೋಡಿ. ನಾಲ್ಕೈದು ಕೈ ಇಳಿದವು, ಅಷ್ಟೆ. ಉಳಿದವರ ಹತ್ತಿರ ಇರುವುದು ಬ್ಯಾಕಪ್ ಅಲ್ಲ. ಅದೇ ಮನೆಯ ಇನ್ನೊಂದು ಕೋಣೆ. ಕಳ್ಳ ಒಳಗೆ ಬಂದರೆ ಎರಡೂ ಕೋಣೆಗೆ ಹೋಗುತ್ತಾನೆ.

ನನ್ನದೇ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. 2020ರ ಲಾಕ್‌ಡೌನ್ ನೆನಪುಂಟಲ್ಲ. ನಾನು ಸರ್ವಿಸ್ ಮಾಡುತ್ತಿದ್ದ ಒಂದು ಟ್ಯಾಕ್ಸ್ ಕಚೇರಿ. ಐದು ಕಂಪ್ಯೂಟರ್, ಮೂಲೆಯಲ್ಲಿ ಒಂದು ಸರ್ವರ್. ಯಾರಿಗೂ ಕಚೇರಿಗೆ ಬರುವ ಹಾಗಿಲ್ಲ, ಕೆಲಸ ನಿಲ್ಲಿಸುವ ಹಾಗೂ ಇಲ್ಲ. ಅವರು ಲೆಕ್ಕ ಬರೆಯುವುದು ಟ್ಯಾಲಿ ಎಂಬ ಸಾಫ್ಟ್‌ವೇರಿನಲ್ಲಿ. ಅಲ್ಲಿನ ಸರ್ ಫೋನ್ ಮಾಡಿ, "ಮನೆಯಿಂದಲೇ ಟ್ಯಾಲಿ ಓಪನ್ ಆಗುವ ಹಾಗೆ ಏನಾದರೂ ಮಾಡಿಕೊಡಿ ಮಾರಾಯ್ರೇ" ಎಂದರು. ನಾನು ರೂಟರಿನಲ್ಲಿ 3389 ಎಂಬ ಪೋರ್ಟ್, ಅಂದರೆ ಇಂಟರ್‌ನೆಟ್‌ನಿಂದ ಒಳಗೆ ಬರುವ ಒಂದು ಬಾಗಿಲು, ತೆರೆದು, ದೂರದಿಂದಲೇ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಹಾಕಿಕೊಟ್ಟೆ. ಹತ್ತು ನಿಮಿಷದ ಕೆಲಸ. ಪಾಸ್‌ವರ್ಡ್ ಎಲ್ಲರಿಗೂ ನೆನಪಿರಬೇಕಲ್ಲ, ಆಫೀಸಿನ ಹೆಸರು, ಅದರ ಮುಂದೆ 123.

ಲಾಕ್‌ಡೌನ್ ಮುಗಿಯಿತು. ಎಲ್ಲರೂ ವಾಪಸ್ ಬಂದು ಕೂತರು. ಆ ಬಾಗಿಲನ್ನು ಮುಚ್ಚುವುದು ಅವರಿಗೆ ಗೊತ್ತಿರಲಿಲ್ಲ, ನನಗೆ ನೆನಪಿರಲಿಲ್ಲ. ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ಫೋನ್. "ಟ್ಯಾಲಿ ಓಪನ್ ಆಗ್ತಾ ಇಲ್ಲ. ಎಲ್ಲ ಫೈಲಿಗೂ ಎಂತದೋ ಬಾಲ ಬಂದಿದೆ."

ಹೋಗಿ ನೋಡಿದೆ. ಪ್ರತಿ ಫೈಲಿನ ಹೆಸರಿನ ಕೊನೆಗೆ ಅರ್ಥವಿಲ್ಲದ ಅಕ್ಷರಗಳು. ಪ್ರತಿ ಫೋಲ್ಡರಿನಲ್ಲೂ ಒಂದೊಂದು ಚೀಟಿ: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಈ ವಿಳಾಸಕ್ಕೆ ಮೇಲ್ ಮಾಡಿ, ಬಿಟ್‌ಕಾಯಿನ್‌ನಲ್ಲಿ ಹಣ ಕೊಡಿ. ಸರ್ವರ್ ಹೋಗಿತ್ತು. ಶೇರ್ ಫೋಲ್ಡರ್ ಮೂಲಕ ಮೂರು ಕಂಪ್ಯೂಟರ್ ಹೋಗಿದ್ದವು. ಸರ್ವರಿಗೆ ಸಿಕ್ಕಿಸಿಯೇ ಇಟ್ಟಿದ್ದ ಬ್ಯಾಕಪ್ ಹಾರ್ಡ್ ಡಿಸ್ಕ್ ಕೂಡ ಹೋಗಿತ್ತು. ಅದನ್ನು ದಿನವೂ ರಾತ್ರಿ ಹತ್ತಕ್ಕೆ ತಾನೇ ಬ್ಯಾಕಪ್ ಆಗುವ ಹಾಗೆ ಸೆಟ್ ಮಾಡಿಕೊಟ್ಟವನೂ ನಾನೇ. ಆವತ್ತು ಬೆನ್ನು ತಟ್ಟಿಸಿಕೊಂಡಿದ್ದೆ.

ಸರ್ವರಿನ ಲಾಗ್, ಅಂದರೆ ಯಾರು ಯಾವಾಗ ಬಂದರು ಎಂದು ಅದು ಬರೆದಿಡುವ ದಾಖಲೆ, ತೆಗೆದು ನೋಡಿದರೆ, ಅದರಲ್ಲಿ ಉಳಿದಿದ್ದಷ್ಟು ದಿನಗಳಲ್ಲೇ ಸಾವಿರಾರು ಸಲ ತಪ್ಪು ಪಾಸ್‌ವರ್ಡ್ ಬಿದ್ದಿತ್ತು. ಯಾರೋ ಮನುಷ್ಯ ಕೂತು ಒತ್ತಿದ್ದಲ್ಲ. ಇಂಟರ್‌ನೆಟ್ ತುಂಬ 3389 ಹುಡುಕುತ್ತಾ ತಿರುಗುವ ಪ್ರೋಗ್ರಾಮುಗಳಿವೆ. ಬಾಗಿಲು ಕಂಡರೆ ಪಾಸ್‌ವರ್ಡುಗಳ ಪಟ್ಟಿ ಹಿಡಿದು ಒಂದೊಂದಾಗಿ ಹಾಕುತ್ತವೆ. ಶನಿವಾರ ರಾತ್ರಿ ಸರಿಯಾದದ್ದು ಬಿತ್ತು. ಭಾನುವಾರ ಪೂರ್ತಿ ಕೆಲಸ ನಡೆಯಿತು. ನೋಡುವವರು ಯಾರೂ ಇರಲಿಲ್ಲ.

ಆ ಕಚೇರಿ ಉಳಿದದ್ದು ಹೇಗೆ ಎಂದು ಆಮೇಲೆ ಹೇಳುತ್ತೇನೆ. ಮೊದಲು ಈ ಬೀಗದ ವಿಷಯ. ಯಾಕೆಂದರೆ ನನ್ನ ಅಂಗಡಿಗೆ ಬರುವವರೆಲ್ಲ ಕೇಳುವುದು ಒಂದೇ: "ನೀವು ಅದನ್ನು ಒಡೆಯಲಿಕ್ಕೆ ಆಗುವುದಿಲ್ವಾ?"

ದೇವಸ್ಥಾನದ ಕಾಣಿಕೆ ಹುಂಡಿ ನೋಡಿ. ಹಣ ಹಾಕಲು ಯಾರ ಅಪ್ಪಣೆಯೂ ಬೇಡ, ಬೀಗದ ಕೈಯೂ ಬೇಡ. ಸಣ್ಣ ಮಗುವೂ ಹಾಕುತ್ತದೆ. ಆದರೆ ಹಾಕಿದ ಮೇಲೆ ಅದೇ ಮಗುವಿಗೂ ವಾಪಸ್ ತೆಗೆಯಲು ಆಗುವುದಿಲ್ಲ. ಕೀ ಇರುವುದು ಮೊಕ್ತೇಸರರ ಹತ್ತಿರ. ರ‍್ಯಾನ್ಸಮ್‌ವೇರ್ ಬರುವಾಗ ತನ್ನ ಜೊತೆ ಒಂದು ಹುಂಡಿಯನ್ನು ತರುತ್ತದೆ, ಕೀಯನ್ನು ತರುವುದಿಲ್ಲ. ನಿಮ್ಮ ಒಂದೊಂದು ಫೈಲಿಗೂ ಒಂದು ಬೀಗ ಹಾಕಿ, ಆ ಬೀಗದ ಕೀಗಳನ್ನೆಲ್ಲ ಹುಂಡಿಗೆ ಹಾಕಿಬಿಡುತ್ತದೆ. ಹುಂಡಿಯ ಕೀ ಎಲ್ಲೋ ದೂರದ ದೇಶದಲ್ಲಿ ಕೂತವನ ಹತ್ತಿರ. ನಾನು ನಿಮ್ಮ ಕಂಪ್ಯೂಟರನ್ನು ಎಷ್ಟು ಬಿಚ್ಚಿ ನೋಡಿದರೂ ಇಲ್ಲದ ಕೀ ಸಿಗುವುದು ಹೇಗೆ?

ಹಿಂದೆ ಹೀಗಿರಲಿಲ್ಲ. 1989ರಲ್ಲಿ ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿ ಸುಮಾರು 20,000 ಫ್ಲಾಪಿಗಳನ್ನು ಅಂಚೆಯಲ್ಲಿ ಕಳಿಸಿದ. ಏಡ್ಸ್ ರೋಗದ ಮಾಹಿತಿ ಎಂದು ಮೇಲೆ ಬರೆದಿತ್ತು. ಹಾಕಿ ನೋಡಿದವರಿಗೆ ಮೊದಲು ಏನೂ ಆಗಲಿಲ್ಲ. ಕಂಪ್ಯೂಟರ್ 90 ಸಲ ಆನ್ ಆದ ಮೇಲೆ ಫೈಲುಗಳ ಹೆಸರೆಲ್ಲ ಕಲಸಿಹೋಗಿ, 189 ಡಾಲರ್ ಪನಾಮಾದ ಒಂದು ಪೋಸ್ಟ್ ಬಾಕ್ಸಿಗೆ ಕಳಿಸಿ ಎಂಬ ಸೂಚನೆ ಬಂತು. ಪೋಸ್ಟ್ ಬಾಕ್ಸಿಗೆ ಮಾರಾಯ್ರೇ! ಅವನು ಸಿಕ್ಕಿಬಿದ್ದ. ಬೀಗದ ಕೀ ಕೂಡ ಪ್ರೋಗ್ರಾಮಿನೊಳಗೇ ಇತ್ತು, ಗೊತ್ತಿದ್ದವರು ಬೇಗ ಬಿಡಿಸಿದರು.

ಹುಂಡಿಯ ಉಪಾಯ ಹೊಳೆದದ್ದು 1996ರಲ್ಲಿ. ಕಳ್ಳರಿಗಲ್ಲ, ಆಡಮ್ ಯಂಗ್ ಮತ್ತು ಮೋತಿ ಯುಂಗ್ ಎಂಬ ಇಬ್ಬರು ಸಂಶೋಧಕರಿಗೆ. ಹೀಗೂ ಆಗಬಹುದು, ಎಚ್ಚರ ಎಂದು ಅವರು ಬರೆದರು. ಕೀ ಸಮಸ್ಯೆ ಬಗೆಹರಿಯಿತು, ಆದರೆ ಹಣ ಪಡೆಯುವ ಸಮಸ್ಯೆ ಉಳಿದಿತ್ತು. ಬ್ಯಾಂಕಿಗೆ ಹಾಕಿಸಿಕೊಂಡರೆ ಪೊಲೀಸರು ಬರುತ್ತಾರೆ. ಬ್ಯಾಂಕೇ ಬೇಡದ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಬಂದ ಮೇಲೆ ಅದೂ ಸುಲಭವಾಯಿತು. 2013ರಲ್ಲಿ ಬಂದ ಕ್ರಿಪ್ಟೋಲಾಕರ್ ಈ ಎರಡನ್ನೂ ಚೆನ್ನಾಗಿ ಜೋಡಿಸಿ ದುಡ್ಡು ಮಾಡಿ ತೋರಿಸಿತು. ಅಲ್ಲಿಂದ ಇದೊಂದು ದಂಧೆ. ಪ್ರೋಗ್ರಾಮ್ ಬರೆಯುವವನು ಬೇರೆ, ಬಾಡಿಗೆಗೆ ತೆಗೆದುಕೊಂಡು ನಿಮ್ಮ ಮೇಲೆ ಬಿಡುವವನು ಬೇರೆ. ಬಂದ ಹಣದಲ್ಲಿ ಪಾಲು.

ಈಗ ಶೀರ್ಷಿಕೆಯ ಕತೆಗೆ ಬರುತ್ತೇನೆ. ನನಗೆ ಬಹಳ ಇಷ್ಟದ ಕತೆ ಇದು.

2017ರ ಮೇ 12, ಶುಕ್ರವಾರ. ವಾನಾಕ್ರೈ ಎಂಬುದು ಹರಡಿತು. 150 ದೇಶ, ಎರಡು ಲಕ್ಷಕ್ಕೂ ಜಾಸ್ತಿ ಕಂಪ್ಯೂಟರ್. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳು ಮುಂದೆ ಹೋದವು. ಇದಕ್ಕೆ ಯಾರೂ ಯಾವ ಲಿಂಕನ್ನೂ ಒತ್ತಬೇಕಾಗಿರಲಿಲ್ಲ. ವಿಂಡೋಸ್‌ನ ಹಳೆಯ ಫೈಲ್ ಶೇರಿಂಗ್‌ನಲ್ಲಿದ್ದ ಒಂದು ತೂತಿನ ಮೂಲಕ ಒಂದರಿಂದ ಇನ್ನೊಂದಕ್ಕೆ ತಾನೇ ಹಾರುತ್ತಿತ್ತು. ಆ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಕೊಟ್ಟಿದ್ದು ಮಾರ್ಚ್ 14ಕ್ಕೆ. ಹತ್ತಿರ ಹತ್ತಿರ ಎರಡು ತಿಂಗಳು ಮೊದಲೇ. ಹಾಕಿಕೊಂಡವರು ಉಳಿದರು. ಕೊನೆಗೆ ಅದನ್ನು ನಿಲ್ಲಿಸಿದ್ದು ಮಾರ್ಕಸ್ ಹಚಿನ್ಸ್ ಎಂಬ 22 ವರ್ಷದ ಹುಡುಗ. ಆ ಪ್ರೋಗ್ರಾಮ್ ಯಾವುದೋ ಉದ್ದದ, ಯಾರೂ ನೋಂದಣಿ ಮಾಡಿಸದ ವೆಬ್ ವಿಳಾಸವನ್ನು ಹುಡುಕುತ್ತಿರುವುದು ಅವನಿಗೆ ಕಂಡಿತು. ಹತ್ತು ಡಾಲರ್ ಚಿಲ್ಲರೆ ಕೊಟ್ಟು ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಆ ವಿಳಾಸ ಸಿಕ್ಕಿದ ಕೂಡಲೇ ಪ್ರೋಗ್ರಾಮ್ ಹರಡುವುದು ನಿಂತಿತು. ಹೀಗಾಗುತ್ತದೆ ಎಂದು ಅವನಿಗೂ ಮೊದಲು ಗೊತ್ತಿರಲಿಲ್ಲ.

ಒಂದೂವರೆ ತಿಂಗಳ ನಂತರ, ಜೂನ್ 27ಕ್ಕೆ, ಅದೇ ತೂತಿನಿಂದ ಇನ್ನೊಂದು ಬಂತು. ನಾಟ್‌ಪೆಟ್ಯಾ. ಇದು ಶುರುವಾದದ್ದು ಎಲ್ಲಿಂದ ಗೊತ್ತಾ, ಟ್ಯಾಕ್ಸಿನವರು ಕೇಳಿ: ಯುಕ್ರೇನಿನ ಒಂದು ಟ್ಯಾಕ್ಸ್ ಸಾಫ್ಟ್‌ವೇರಿನ ಅಪ್‌ಡೇಟ್‌ನಿಂದ. ಅಪ್‌ಡೇಟ್ ಹಾಕಿಕೊಳ್ಳಿ ಎಂದು ಈಗಷ್ಟೇ ಹೇಳಿದೆ, ಅಲ್ವಾ? ಹಾಕಿಕೊಂಡವರಿಗೇ ಹೊಡೆಯಿತು. ಹಾಗಾಗಿಯೇ ನಾನು ಒಂದೇ ಬಾಗಿಲನ್ನು ನಂಬಿ ಕೂರಬೇಡಿ ಎನ್ನುವುದು.

ಮೆರ್ಸ್ಕ್ ಎಂಬ ಹಡಗು ಕಂಪನಿ ಉಂಟಲ್ಲ, ಮಂಗಳೂರಿನ ಪಣಂಬೂರು ಬಂದರಿನ ಕಡೆ ಹೋದವರು ಅದರ ಹೆಸರು ಬರೆದ ಕಂಟೇನರುಗಳನ್ನು ನೋಡಿರುತ್ತೀರಿ. ಅವರ ಯುಕ್ರೇನ್ ಕಚೇರಿಯಲ್ಲಿ ಆ ಸಾಫ್ಟ್‌ವೇರ್ ಇತ್ತು. ಅಲ್ಲಿಂದ ಇಡೀ ಜಗತ್ತಿನ ಮೆರ್ಸ್ಕ್ ಮಲಗಿತು. ಮುಂಬೈಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅವರು ನಡೆಸುವ ಟರ್ಮಿನಲ್ ಕೂಡ ನಿಂತಿತು. ಯಾವ ಕಂಟೇನರಿನಲ್ಲಿ ಏನುಂಟು ಎಂದು ಹೇಳುವವರಿಲ್ಲ.

ಅವರ ನೆಟ್‌ವರ್ಕಿನಲ್ಲಿ ಯಾರು ಯಾರು, ಯಾರಿಗೆ ಎಲ್ಲಿ ಪ್ರವೇಶ ಎಂಬ ಲೆಕ್ಕ ಇಡುವ ಸರ್ವರುಗಳು ಜಗತ್ತಿನಾದ್ಯಂತ ಸುಮಾರು 150 ಇದ್ದವು. ಎಲ್ಲದರಲ್ಲೂ ಒಂದೇ ಮಾಹಿತಿ. ಒಂದು ಹೋದರೆ ಇನ್ನೊಂದರಿಂದ ತರಬಹುದು. 150 ಬ್ಯಾಕಪ್ ಇದ್ದ ಹಾಗೆ, ಅಲ್ವಾ? ಆದರೆ ಎಲ್ಲವೂ ಒಂದಕ್ಕೊಂದು ಜೋಡಿಸಿದವು. ಒಂದೇ ಹೊತ್ತಿಗೆ ಎಲ್ಲ ಹೋದರೆ ಏನು ಮಾಡುವುದು ಎಂದು ಯಾರೂ ಯೋಚಿಸಿರಲಿಲ್ಲ. ಎಲ್ಲ ಹೋದವು.

ಒಂದು ಬಿಟ್ಟು. ಆಫ್ರಿಕಾದ ಘಾನಾದಲ್ಲಿ ಆ ಹೊತ್ತಿಗೆ ಕರೆಂಟು ಹೋಗಿತ್ತು.

ನಮ್ಮ ಕರೆಂಟು ಕಂಪನಿ ಮೆಸ್ಕಾಂನವರು ಯಾರಾದರೂ ಇಲ್ಲಿದ್ದರೆ ಕಾಲರ್ ಏರಿಸಿಕೊಳ್ಳಬಹುದು. ಕರೆಂಟು ಹೋದ್ದರಿಂದ ಘಾನಾದ ಆ ಸರ್ವರ್ ನೆಟ್‌ವರ್ಕಿನಿಂದ ಕಳಚಿಕೊಂಡಿತ್ತು. ಅದರಲ್ಲಿದ್ದದ್ದು ಹಾಗೆಯೇ ಉಳಿಯಿತು. ಇಂಗ್ಲೆಂಡಿಗೆ ಇಂಟರ್‌ನೆಟ್‌ನಲ್ಲಿ ಕಳಿಸಲು ಹೋದರೆ ಅಲ್ಲಿನ ಸ್ಪೀಡಿಗೆ ಎಷ್ಟೋ ದಿನ ಬೇಕಿತ್ತು. ವಿಮಾನದಲ್ಲಿ ತರುವ ಎಂದರೆ ಘಾನಾದ ಸಿಬ್ಬಂದಿ ಯಾರಿಗೂ ಬ್ರಿಟನ್ನಿನ ವೀಸಾ ಇಲ್ಲ. ಕೊನೆಗೆ ಒಬ್ಬ ಹಾರ್ಡ್ ಡಿಸ್ಕ್ ಹಿಡಿದು ನೈಜೀರಿಯಾಕ್ಕೆ ಹಾರಿ, ಅಲ್ಲಿ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬನ ಕೈಗೆ ಕೊಟ್ಟು, ಅವನು ಲಂಡನ್ನಿಗೆ ತಂದ. ಅದರಿಂದ ಇಡೀ ಕಂಪನಿಯನ್ನು ಮತ್ತೆ ಕಟ್ಟಿದರು. ಹತ್ತು ದಿನಗಳಲ್ಲಿ 45,000 ಕಂಪ್ಯೂಟರ್, 4,000 ಸರ್ವರ್ ಹೊಸದಾಗಿ ಹಾಕಿದರು.

ನೂರೈವತ್ತರಲ್ಲಿ ಉಳಿದದ್ದು ಹೆಚ್ಚು ಭದ್ರವಾದದ್ದಲ್ಲ, ಹೆಚ್ಚು ಬೆಲೆಯದ್ದೂ ಅಲ್ಲ. ವೈರಿನಲ್ಲಿ ಜೀವ ಇಲ್ಲದ್ದು.

ನಮ್ಮ ದೇಶದ್ದೇ ಬೇಕಾ? 2022ರ ನವೆಂಬರ್ 23ಕ್ಕೆ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಹೊಡೆಯಿತು. ಐದು ಸರ್ವರ್, ಸುಮಾರು 1.3 ಟೆರಾಬೈಟ್ ಮಾಹಿತಿ, ಇದು ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕ. ಹೆಚ್ಚುಕಡಿಮೆ ಎರಡು ವಾರ ಹೊರರೋಗಿ ಚೀಟಿಯಿಂದ ಹಿಡಿದು ಎಲ್ಲವೂ ಕೈಬರಹ. ಆಸ್ಪತ್ರೆಯ ಮಾಹಿತಿ ಕೊನೆಗೆ ಎಲ್ಲಿಂದ ಬಂತು? ಹೊಡೆತ ತಾಗದ ಒಂದು ಬ್ಯಾಕಪ್ ಸರ್ವರಿನಿಂದ.

ಇನ್ನು ಆ ಟ್ಯಾಕ್ಸ್ ಕಚೇರಿ. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಅಲ್ಲಿ ಲೆಕ್ಕ ಬರೆಯುವ ಒಬ್ಬರು ಅಕ್ಕ ಇದ್ದಾರೆ, ನಿವೃತ್ತಿಗೆ ಹತ್ತಿರದವರು. ಅವರು ಬುತ್ತಿ ತರುವ ಚೀಲದ ಒಳಕಿಸೆಯಿಂದ ಒಂದು ಪೆನ್ ಡ್ರೈವ್ ತೆಗೆದು, "ಇದರಲ್ಲಿ ಹೋದ ಶನಿವಾರದ್ದಲ್ಲ, ಅದರ ಹಿಂದಿನ ಶನಿವಾರದ್ದು ಉಂಟು, ಆದೀತಾ?" ಎಂದರು. ಹೋದ ಶನಿವಾರ ಅವರು ಮದುವೆಗೆ ಹೋಗಿದ್ದರಂತೆ. ನನ್ನ ಆಟೋಮ್ಯಾಟಿಕ್ ಬ್ಯಾಕಪ್ ಮೇಲೆ ಅವರಿಗೆ ಯಾವತ್ತೂ ನಂಬಿಕೆ ಇರಲಿಲ್ಲ. "ಕಣ್ಣಿಗೆ ಕಾಣದ್ದನ್ನು ಹೇಗೆ ನಂಬುವುದು" ಎನ್ನುತ್ತಿದ್ದರು. ಟ್ಯಾಲಿಯ ಕಂಪನಿ ಫೋಲ್ಡರುಗಳೆಲ್ಲ ಅದರಲ್ಲಿದ್ದವು. ನಡುವಿನ ಒಂದು ವಾರದ್ದನ್ನು ಬಿಲ್ಲು ನೋಡಿ ನಾಲ್ಕು ದಿನದಲ್ಲಿ ಮತ್ತೆ ಹೊಡೆದರು.

ಹಾಗಾದರೆ ನಾವು ಏನು ಮಾಡುವುದು? ಇದಕ್ಕೆ ನಮ್ಮ ಊರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಳೆಗೆ ಮೊದಲು, ಮತ್ತೆ ಮಳೆ ಬಿಡುವ ಹೊತ್ತಿಗೆ, ಸಂಜೆ ಸಿಡಿಲು ಶುರುವಾದರೆ ನೀವು ಮನೆಯಲ್ಲಿ ಏನು ಮಾಡುತ್ತೀರಿ? ಓಡಿ ಹೋಗಿ ಟಿವಿಯ ಪ್ಲಗ್ ತೆಗೆಯುತ್ತೀರಿ, ಡಿಶ್ಶಿನ ವೈರು ತೆಗೆಯುತ್ತೀರಿ, ಮೋಡೆಮ್ ಕಳಚುತ್ತೀರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕಳಚಲೇ ಬೇಕು ಎಂದು ಎಲ್ಲರಿಗೂ ಗೊತ್ತು. ಒಂದೆರಡು ಮೋಡೆಮ್ ಸುಟ್ಟುಕೊಂಡು ಕಲಿತದ್ದು. ಬ್ಯಾಕಪ್ ಹಾರ್ಡ್ ಡಿಸ್ಕಿಗೂ ಅಷ್ಟೇ. ಸಿಕ್ಕಿಸಿ, ಕಾಪಿ ಮಾಡಿ, ಕಳಚಿ.

ಎರಡು ಹಾರ್ಡ್ ಡಿಸ್ಕ್ ಇಡಿ. ಮೇಲೆ ಮಾರ್ಕರಿನಲ್ಲಿ ಒಂದು, ಎರಡು ಎಂದು ಬರೆಯಿರಿ. ಈ ವಾರ ಒಂದು, ಮುಂದಿನ ವಾರ ಎರಡು. ಒಂದು ಕಚೇರಿಯಲ್ಲಿದ್ದರೆ ಇನ್ನೊಂದು ಮನೆಯಲ್ಲಿ. ಎರಡೂ ಒಟ್ಟಿಗೆ ಯಾವತ್ತೂ ಕಂಪ್ಯೂಟರಿಗೆ ಸಿಕ್ಕಿಸಬಾರದು. ಎರಡು ಯಾಕೆ ಎಂದರೆ, ಕಾಪಿ ಮಾಡುತ್ತಿರುವ ಹೊತ್ತಿಗೇ ಹೊಡೆದರೆ? ಅಥವಾ ಬೀಗ ಬಿದ್ದ ಫೈಲನ್ನೇ ಗೊತ್ತಿಲ್ಲದೆ ಹಳೆಯದರ ಮೇಲೆ ಕಾಪಿ ಮಾಡಿದರೆ? ಆಗ ಇನ್ನೊಂದು ಉಳಿಯುತ್ತದೆ. ಈ ವಿದ್ಯೆಯಲ್ಲಿ 3-2-1 ಎಂಬ ಲೆಕ್ಕ ಉಂಟು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಅದನ್ನು ಹೆಸರಿಟ್ಟು ಹರಡಿದ ಪೀಟರ್ ಕ್ರೋಗ್ ಕಂಪ್ಯೂಟರಿನವನಲ್ಲ, ಫೋಟೋಗ್ರಾಫರ್. ಸ್ಟುಡಿಯೋದವರು ಹೆಮ್ಮೆಪಡಬಹುದು, ಆದರೆ ಪಾಲಿಸುವವರು ನಿಮ್ಮಲ್ಲೇ ಕಡಿಮೆ.

ನಮ್ಮ ಹವೆಯ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಸ್ಟು ಬರುವ ಊರು ನಮ್ಮದು. ಹಾರ್ಡ್ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಸಿಗುತ್ತದಲ್ಲ, ಆ ಸಿಲಿಕಾದ ಪೊಟ್ಟಣ ಹಾಕಿ ಇಡಿ.

"ನಮ್ಮದು ಗೂಗಲ್ ಡ್ರೈವಿನಲ್ಲಿ ಉಂಟು" ಎನ್ನುವವರಿದ್ದೀರಿ. ಒಳ್ಳೆಯದೇ. ಆದರೆ ಅದು ಸಿಂಕ್, ಬ್ಯಾಕಪ್ ಅಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಫೈಲ್ ಕೆಟ್ಟರೆ ಕೆಟ್ಟದ್ದೇ ನಿಷ್ಠೆಯಿಂದ ಮೇಲೆ ಹೋಗುತ್ತದೆ. ಹಳೆಯ ಆವೃತ್ತಿಗಳನ್ನು ಅದು 30 ದಿನ ಇಟ್ಟುಕೊಳ್ಳುತ್ತದೆ, ಅದರಿಂದ ವಾಪಸ್ ತರಬಹುದು. ಹತ್ತು ಫೈಲ್ ಆದರೆ ಸರಿ, ಹತ್ತು ಸಾವಿರ ಆದರೆ ಕೂತು ನೋಡಿ. ಸ್ಟುಡಿಯೋದವರು ದೊಡ್ಡ ನ್ಯಾಸ್ ಪೆಟ್ಟಿಗೆ, ಅಂದರೆ ಹಾರ್ಡ್ ಡಿಸ್ಕುಗಳನ್ನು ತುಂಬಿ ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆ, ಇಟ್ಟುಕೊಂಡು, ಮನೆಯಿಂದಲೂ ಕಾಣಲಿ ಎಂದು ಅದನ್ನು ಇಂಟರ್‌ನೆಟ್ಟಿಗೆ ತೆರೆದಿಡುತ್ತೀರಿ. 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್ ಎಂಬುದು ಕ್ಯೂನ್ಯಾಪ್ ಕಂಪನಿಯ ಇಂಥ ಪೆಟ್ಟಿಗೆಗಳಿಗೇ ಹೊಡೆಯಿತು. ವಿಶೇಷ ಬೀಗವೂ ಅಲ್ಲ, ನಾವು ಜಿಪ್ ಮಾಡಲು ಬಳಸುವ ಸೆವೆನ್‌ಜಿಪ್ಪಿನಲ್ಲೇ ಫೈಲುಗಳನ್ನು ಪಾಸ್‌ವರ್ಡ್ ಹಾಕಿ ಕಟ್ಟಿ, 0.01 ಬಿಟ್‌ಕಾಯಿನ್ ಕೇಳಿತು.

ಬ್ಯಾಕಪ್ ತೆಗೆದರೆ ಮುಗಿಯಲಿಲ್ಲ. ಒಂದು ಕಡೆ ಎರಡು ವರ್ಷ ತಪ್ಪದೆ ಪ್ರತಿ ಶುಕ್ರವಾರ ಪೆನ್ ಡ್ರೈವಿಗೆ ಕಾಪಿ ಮಾಡುತ್ತಿದ್ದರು. ಪುಸ್ತಕದಲ್ಲಿ ತಾರೀಕು ಹಾಕಿ ಸಹಿ ಕೂಡ. ಹಾರ್ಡ್ ಡಿಸ್ಕ್ ಹಾಳಾದಾಗ ಆ ಪೆನ್ ಡ್ರೈವ್ ನನ್ನ ಕೈಗೆ ಬಂತು. ತೆಗೆದು ನೋಡಿದರೆ ಒಳಗೆ ಸುಮಾರು ನೂರು ಫೈಲ್, ಪ್ರತಿಯೊಂದೂ ಎರಡು ಕೆಬಿ. ಅವರು ಕಾಪಿ ಮಾಡಿದ್ದು ಡೆಸ್ಕ್‌ಟಾಪಿನ ಮೇಲಿನ ಶಾರ್ಟ್‌ಕಟ್ಟನ್ನು! ಎರಡು ವರ್ಷ ಮನೆಯ ಬೋರ್ಡಿನ ಫೋಟೋ ತೆಗೆದಿಟ್ಟು, ಮನೆ ಭದ್ರವಾಗಿದೆ ಎಂದುಕೊಂಡಿದ್ದರು. ತಪ್ಪು ಅವರದ್ದಲ್ಲ. ಯಾರೂ ಒಮ್ಮೆಯೂ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ ಎಂದು ಹೇಳಿಕೊಟ್ಟಿರಲಿಲ್ಲ. ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿಗೆ ಆ ಪ್ರತಿಯನ್ನು ಹಾಕಿ, ಹೋದ ತಿಂಗಳ ಒಂದು ಬಿಲ್ ತೆರೆದು ಪ್ರಿಂಟ್ ತೆಗೆಯಿರಿ. ಪ್ರಿಂಟ್ ಬಂದರೆ ಅದು ಬ್ಯಾಕಪ್.

ಇನ್ನು ಬಾಗಿಲುಗಳು. ಬೇಗ ಹೇಳುತ್ತೇನೆ.

3389ನ್ನು ಇಂಟರ್‌ನೆಟ್ಟಿಗೆ ತೆರೆದಿಟ್ಟವರು ಇವತ್ತೇ ಮುಚ್ಚಿಸಿ. ಬೇರೆ ನಂಬರಿಗೆ ಬದಲಾಯಿಸಿದರೆ ಸಾಕು ಎಂದು ನನ್ನಂಥವರು ಹೇಳುತ್ತಾರೆ, ಸಾಲದು. ಆ ಪ್ರೋಗ್ರಾಮುಗಳು ಎಲ್ಲ ನಂಬರನ್ನೂ ತಟ್ಟುತ್ತವೆ. ಮನೆಯಿಂದ ಕೆಲಸ ಬೇಕೇ ಬೇಕಾದರೆ ವಿಪಿಎನ್, ಅಂದರೆ ನಿಮ್ಮವರಿಗೆ ಮಾತ್ರ ಕಚೇರಿಯೊಳಗೆ ಬರಲು ಒಂದು ಖಾಸಗಿ ದಾರಿ, ಹಾಕಿಸಿ, ಅದಕ್ಕೆ ಪಾಸ್‌ವರ್ಡಿನ ಜೊತೆ ಫೋನಿಗೆ ಬರುವ ಕೋಡೂ ಇರಲಿ. 2021ರ ಮೇಯಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಪೆಟ್ರೋಲ್ ಹರಿಸುವ ಕಲೋನಿಯಲ್ ಪೈಪ್‌ಲೈನ್ ನಿಂತದ್ದು, ಬಳಕೆಯಲ್ಲೇ ಇಲ್ಲದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಬರೀ ಪಾಸ್‌ವರ್ಡ್ ಇತ್ತು, ಕೋಡ್ ಇರಲಿಲ್ಲ. ನಾನು ಮರೆತ ಬಾಗಿಲಿನ ಅಣ್ಣ ಅದು.

ಮೇಲ್‌ನಲ್ಲಿ ಬಂದ ಫೈಲ್. ವಿಂಡೋಸ್ ಫೈಲಿನ ಹೆಸರಿನ ಬಾಲವನ್ನು ಅಡಗಿಸಿಡುತ್ತದೆ. ಹಾಗಾಗಿ ಇನ್‌ವಾಯ್ಸ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ ಎಂಬುದು ನಿಮಗೆ ಸುಮ್ನೆ ಪಿಡಿಎಫ್ ಆಗಿ ಕಾಣುತ್ತದೆ, ಒತ್ತಿದರೆ ಓಡುವುದು ಪ್ರೋಗ್ರಾಮ್. ಬಾಲ ತೋರಿಸುವ ಹಾಗೆ ಸೆಟ್ಟಿಂಗ್ ಬದಲಾಯಿಸಿಕೊಳ್ಳಿ, ಅರ್ಧ ನಿಮಿಷದ ಕೆಲಸ. ವಿಂಡೋಸ್ 7 ಇನ್ನೂ ಓಡಿಸುವವರು ಇದ್ದೀರಿ, ನನಗೆ ಗೊತ್ತು, ನಾನೇ ರಿಪೇರಿ ಮಾಡಿಕೊಡುವುದು. ಅದಕ್ಕೆ ಅಪ್‌ಡೇಟ್ ನಿಂತದ್ದು 2020ರ ಜನವರಿಯಲ್ಲಿ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ. ಬದಲಾಯಿಸಲು ಆಗದಿದ್ದರೆ ಆ ಕಂಪ್ಯೂಟರಿನ ಇಂಟರ್‌ನೆಟ್ ವೈರನ್ನಾದರೂ ತೆಗೆಯಿರಿ. ವಿಂಡೋಸ್‌ನಲ್ಲೇ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬ ಒಂದು ಕಾವಲು ಉಂಟು, ದುಡ್ಡು ಬೇಡ, ಆದರೆ ಆಫ್ ಆಗಿಯೇ ಬರುತ್ತದೆ. ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಮ್ ನಿಮ್ಮ ಫೋಲ್ಡರಿನಲ್ಲಿ ಬರೆಯಲು ಬಿಡುವುದಿಲ್ಲ. ಮೊದಲ ದಿನ ನಿಮ್ಮದೇ ಸಾಫ್ಟ್‌ವೇರನ್ನೂ ತಡೆದೀತು, ಅದಕ್ಕೆ ಒಮ್ಮೆ ಅನುಮತಿ ಕೊಡಬೇಕು. ಎರಡು ದಿನ ನನಗೆ ಬೈಯ್ಯಿರಿ, ಪರವಾಗಿಲ್ಲ.

ಕ್ರ್ಯಾಕ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ದುಡ್ಡು ಕೊಡದೆ ಸಾಫ್ಟ್‌ವೇರ್ ಹಾಕಿಕೊಳ್ಳುವುದು ಸರಿಯಾ ತಪ್ಪಾ ಎಂಬ ಉಪದೇಶ ಅಲ್ಲ. ಆ ಕ್ರ್ಯಾಕಿನ ಜೊತೆ ಬರುವ ಸೂಚನೆ ಓದಿದ್ದೀರಾ? ಮೊದಲನೆಯ ಸಾಲೇ, "ಆಂಟಿವೈರಸ್ ಆಫ್ ಮಾಡಿ". ನಾವು ಆಫ್ ಮಾಡುತ್ತೇವೆ. ನಾಯಿಯನ್ನು ಕಟ್ಟಿಹಾಕಿ, ಬಾಗಿಲು ತೆಗೆದು, ಬನ್ನಿ ಎನ್ನುತ್ತೇವೆ. ಸ್ಟಾಪ್ ಅಥವಾ ಡಿಜೆವಿಯು ಎಂಬ ತಳಿ ಹೀಗೆ ಕ್ರ್ಯಾಕುಗಳ ಒಳಗೆ ಕೂತು ಹರಡುವಂಥದ್ದು. ದೊಡ್ಡ ಕಂಪನಿಗಳಿಗಲ್ಲ, ನಮ್ಮ ನಿಮ್ಮಂಥವರಿಗೇ ಮಾಡಿದ್ದು. 980 ಡಾಲರ್ ಕೇಳುತ್ತಿತ್ತು, 72 ಗಂಟೆಯೊಳಗೆ ಬಂದರೆ ಅರ್ಧ ಬೆಲೆ, 490. ಚೌತಿ ಆಫರಿನ ಹಾಗೆ.

ಗೊತ್ತಿರುವ ಒಬ್ಬ ಸ್ಟುಡಿಯೋದವರಿಗೆ 2020ರಲ್ಲಿ ಇದೇ ಆಯಿತು. ಆಲ್ಬಮ್ ಡಿಸೈನ್ ಮಾಡುವ ಹುಡುಗ ಯಾವುದೋ ಕ್ರ್ಯಾಕ್ ಇಳಿಸಿದ. ಎರಡು ಹಾರ್ಡ್ ಡಿಸ್ಕ್ ಸಿಕ್ಕಿಸಿಯೇ ಇತ್ತು. ಏಳು ಮದುವೆ, ಒಂದು ಉಪನಯನ. ಈ ತಳಿ ಅವಸರದ್ದು. ಪ್ರತಿ ಫೈಲಿನ ಮೊದಲ 150 ಕೆಬಿಗೆ ಮಾತ್ರ ಬೀಗ ಹಾಕಿ ಮುಂದಕ್ಕೆ ಓಡುತ್ತದೆ. ಹಾಗಾಗಿ ದೊಡ್ಡ ವಿಡಿಯೋಗಳಲ್ಲಿ ಕೆಲವನ್ನು ಅರೆಬರೆಯಾಗಿ ಉಳಿಸಲು ಆಯಿತು. ಫೋಟೋಗಳು ಬರಲಿಲ್ಲ. 2019ರ ಆಗಸ್ಟಿಗೆ ಮೊದಲಿನ ಆವೃತ್ತಿ ಆಗಿದ್ದರೆ ಹೆಚ್ಚಿನವಕ್ಕೆ ಪುಕ್ಕಟೆ ಪರಿಹಾರ ಇತ್ತು. ಇವರದ್ದು ನಂತರದ್ದು.

ಹೊಡೆದೇಬಿಟ್ಟರೆ ಏನು ಮಾಡುವುದು ಎಂದು ಮುಂದಿನ ಸಾಲಿನಿಂದ ಕೇಳಿದರು. ಮೊದಲು ನೆಟ್‌ವರ್ಕ್ ವೈರು ಎಳೆಯಿರಿ, ವೈಫೈ ಆಫ್ ಮಾಡಿ, ಹೊರಗಿನ ಡಿಸ್ಕ್ ಇದ್ದರೆ ಕಿತ್ತು ತೆಗೆಯಿರಿ. ಪಕ್ಕದ ಕಂಪ್ಯೂಟರುಗಳಿಗೂ ಹಾಗೆಯೇ. ಪರದೆಯ ಮೇಲಿನ ಚೀಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ದಯವಿಟ್ಟು ಬ್ಯಾಕಪ್ ಡಿಸ್ಕ್ ತಂದು ಅದೇ ಕಂಪ್ಯೂಟರಿಗೆ ಸಿಕ್ಕಿಸಿ ನೋಡಬೇಡಿ. ಗಾಬರಿಯಲ್ಲಿ ಎಷ್ಟೋ ಜನ ಮಾಡುವುದು ಇದನ್ನೇ. ಉಳಿದಿದ್ದ ಒಂದೇ ಪ್ರತಿಯೂ ಆಗ ಹೋಗುತ್ತದೆ. ಸೈಬರ್ ಅಪರಾಧಕ್ಕೆ 1930 ಸಹಾಯವಾಣಿ ಉಂಟು, ಉಡುಪಿಯಲ್ಲೂ ಮಂಗಳೂರಿನಲ್ಲೂ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆ ಉಂಟು, ದೂರು ಕೊಡಿ. ಸಂಸ್ಥೆಗಳಾದರೆ ಗೊತ್ತಾದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಎಂಬುದು 2022ರ ಆದೇಶ. ಸಂಘದ ಕಾರ್ಯದರ್ಶಿಗಳು ಇದನ್ನು ಬರೆದುಕೊಳ್ಳಿ.

ಸಂಘದವರಿಗೇ ಇನ್ನೊಂದು. 2024ರ ಜುಲೈ 31 ನೆನಪುಂಟಾ? ಸಣ್ಣ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಸೇವೆ ಕೊಡುವ ಸಿ-ಎಡ್ಜ್ ಕಂಪನಿಗೆ ರ‍್ಯಾನ್ಸಮ್‌ವೇರ್ ತೊಂದರೆ ಆಯಿತು. ಹರಡಬಾರದು ಎಂದು, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಅದನ್ನು ಪಾವತಿ ಜಾಲದಿಂದ ಕಳಚಿಟ್ಟಿತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕು ಸೇರಿ ಸುಮಾರು 300 ಕಡೆ ಗ್ರಾಹಕರ ಯುಪಿಐ, ಎಟಿಎಂ ನಿಂತಿತು ಎಂದು ವರದಿಯಾಯಿತು. ಮರುದಿನ ಸರಿ ಮಾಡಿದರು. ನೋಡಿ, ಅಲ್ಲಿಯೂ ಮೊದಲು ಮಾಡಿದ್ದು ವೈರು ಕಳಚಿದ್ದೇ. ನಿಮ್ಮ ಸಾಫ್ಟ್‌ವೇರ್ ಕೊಟ್ಟವರನ್ನು ಒಮ್ಮೆ ಕೇಳಿ: ನಮ್ಮ ಸದಸ್ಯರ ಲೆಕ್ಕದ ಪ್ರತಿ ಎಲ್ಲಿ ಉಂಟು, ಕೊನೆಗೆ ಯಾವಾಗ ತೆರೆದು ನೋಡಿದಿರಿ? ಉತ್ತರಕ್ಕೆ ಎರಡು ದಿನ ಬೇಕು ಎಂದರೆ ಉತ್ತರ ಸಿಕ್ಕಿದ ಹಾಗೆ.

ಹಣ ಕೊಡಬೇಕಾ? ನಾನು ಬೇಡ ಎನ್ನುತ್ತೇನೆ, ಆದರೆ ಎಲ್ಲ ಹೋದವರ ಎದುರು ನಿಂತು ಹೇಳುವುದು ಸುಲಭವಲ್ಲ. ಕಲೋನಿಯಲ್‌ನವರು 44 ಲಕ್ಷ ಡಾಲರ್ ಕೊಟ್ಟರು. ಸಿಕ್ಕಿದ ಕೀ ಎಷ್ಟು ನಿಧಾನ ಎಂದರೆ, ಕೊನೆಗೆ ತಮ್ಮದೇ ಬ್ಯಾಕಪ್ಪಿನಿಂದ ಕೆಲಸ ಮುಂದುವರಿಸಿದರು. ನಾಟ್‌ಪೆಟ್ಯಾದಲ್ಲಂತೂ ಕೀ ಎಂಬುದೇ ಇರಲಿಲ್ಲ, ಅದು ಹಾಳು ಮಾಡಲೆಂದೇ ಮಾಡಿದ್ದು. ಇತ್ತೀಚೆಗೆ ಇನ್ನೊಂದು ಚಾಳಿ: ಬೀಗ ಹಾಕುವ ಮೊದಲು ಎಲ್ಲವನ್ನೂ ಕಾಪಿ ಮಾಡಿಕೊಂಡು ಹೋಗಿ, ಹಣ ಕೊಡದಿದ್ದರೆ ಊರಿಗೆಲ್ಲ ಹಂಚುತ್ತೇವೆ ಎನ್ನುವುದು. 2019ರ ಕೊನೆಗೆ ಮೇಜ್ ಎಂಬ ಗುಂಪು ಇದನ್ನು ಚಾಲ್ತಿಗೆ ತಂದಿತು. ಅದಕ್ಕೆ ಬ್ಯಾಕಪ್ ಔಷಧಿ ಅಲ್ಲ. ಕ್ಲಿನಿಕ್ ನಡೆಸುವವರು, ಜನರ ಪ್ಯಾನ್ ಆಧಾರ್ ಇಟ್ಟುಕೊಂಡವರು, ಬೇಡದ ಹಳೆಯ ಫೈಲುಗಳನ್ನು ಅಳಿಸಿ. ಇಲ್ಲದ್ದನ್ನು ಯಾರೂ ಕದಿಯುವುದಿಲ್ಲ.

ಕೊನೆಯದಾಗಿ, ಬೀಗ ಬಿದ್ದ ಫೈಲುಗಳನ್ನು ಎಸೆಯಬೇಡಿ. ಕೀ ಯಾವತ್ತಾದರೂ ಹೊರಗೆ ಬರುವುದುಂಟು. 2016ರಲ್ಲಿ ಟೆಸ್ಲಾಕ್ರಿಪ್ಟ್ ಎಂಬ ಗುಂಪು ಅಂಗಡಿ ಮುಚ್ಚುತ್ತಿತ್ತು. ಆಂಟಿವೈರಸ್ ಕಂಪನಿಯ ಒಬ್ಬ, ಅವರು ಹಣ ಕೊಡುವವರಿಗಾಗಿ ಇಟ್ಟಿದ್ದ ಸಹಾಯ ಪುಟದಲ್ಲೇ, ಮುಖ್ಯ ಕೀ ಕೊಡ್ತೀರಾ ಎಂದು ಕೇಳಿದ. ಕೊಟ್ಟುಬಿಟ್ಟರು! ಕ್ಷಮಿಸಿ ಎಂದೂ ಬರೆದರು. 2020ರಲ್ಲಿ ಶೇಡ್ ಎಂಬ ಗುಂಪು ಏಳೂವರೆ ಲಕ್ಷ ಕೀಗಳನ್ನು ಬಹಿರಂಗ ಮಾಡಿತು. ಯುರೋಪಿನ ಪೊಲೀಸರೂ ಆಂಟಿವೈರಸ್ ಕಂಪನಿಗಳೂ ಸೇರಿ 2016ರಿಂದ ನೋ ಮೋರ್ ರ‍್ಯಾನ್ಸಮ್ ಎಂಬ ತಾಣ ನಡೆಸುತ್ತಿದ್ದಾರೆ. ಬೀಗ ಬಿದ್ದ ಒಂದು ಫೈಲು, ಆ ಚೀಟಿ, ಇವನ್ನು ಅಲ್ಲಿ ಹಾಕಿದರೆ ಯಾವ ತಳಿ, ಕೀ ಉಂಟಾ ಇಲ್ವಾ ಎಂದು ಹೇಳುತ್ತದೆ. ಪುಕ್ಕಟೆ.

ಆ ಸ್ಟುಡಿಯೋದ ಎರಡು ಹಾರ್ಡ್ ಡಿಸ್ಕ್ ಈಗ ನನ್ನ ಅಂಗಡಿಯ ಅಟ್ಟದ ಮೇಲೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಉಂಟು. ಏಳು ಮದುವೆಗಳ ಹೆಸರು, ತಾರೀಕು ಬರೆದು ಅಂಟಿಸಿದ್ದೇನೆ. ಆರು ತಿಂಗಳಿಗೊಮ್ಮೆ ಒಂದು ಫೈಲು ತೆಗೆದು ಆ ತಾಣಕ್ಕೆ ಹಾಕಿ ನೋಡುತ್ತೇನೆ. ಕಳೆದ ತಿಂಗಳು ನೋಡಿದೆ. ಇನ್ನೂ ಬಂದಿಲ್ಲ.